ಮ್ಯುಟೇಶನ್ ಟೆಸ್ಟ್ ಒಂದು ಸಲ ಮಾಡಿಸಿದರೆ ಸಾಲದು

ಕ್ಯಾನ್ಸರ್ ಚಿಕಿತ್ಸೆ ಕುರಿತ ನಿಮ್ಮ ಲೇಖನದಲ್ಲಿ ‘ಜೀನ್ ದೋಷ ಗೊತ್ತಾದರೆ ಸರಿಯಾದ ಮಾತ್ರೆ ಸಿಕ್ಕಂತೆ’ ಎಂದು ಬರೆದಿದ್ದೀರಿ. ಅರ್ಧ ನಿಜ. ದೋಷ ಮತ್ತೆ ಬದಲಾಗುತ್ತದೆ, ಅಲ್ವಾ?

ನಮ್ಮ ಅಪ್ಪನಿಗೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್. 9 ಮತ್ತು 22ನೇ ಕ್ರೋಮೋಸೋಮಿನ ತುಂಡುಗಳು ಅದಲು ಬದಲಾಗಿ ಹುಟ್ಟುವ ಬಿಸಿಆರ್-ಎಬಿಎಲ್ ಜೀನ್ ಇದಕ್ಕೆ ಮೂಲ. ಅದನ್ನು ಹತ್ತಿಕ್ಕುವ ಇಮ್ಯಾಟಿನಿಬ್ ಮಾತ್ರೆ ನುಂಗುತ್ತಾ ಮೂರು ವರ್ಷ ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ಆರಾಮಾಗಿ ಓಡಾಡಿಕೊಂಡಿದ್ದರು. ಆಮೇಲೆ ಬಿಳಿ ರಕ್ತಕಣಗಳ ಕೌಂಟ್ ಏರಿತು. ಮಾತ್ರೆ ತಪ್ಪಿಸಿದ್ದೀರಿ ಎಂದು ಡಾಕ್ಟರು ಅಪ್ಪನನ್ನೇ ಬೈದರು. ಸುಮ್ನೆ ಡೋಸ್ ಜಾಸ್ತಿ ಮಾಡಿದರು. ಐದು ತಿಂಗಳ ನಂತರ, ಆ ಜೀನ್ ಬದಲಾಗಿದೆಯೇ ಎಂದು ನೋಡುವ ಮ್ಯುಟೇಶನ್ ಟೆಸ್ಟ್ ಮಾಡಿಸಿದಾಗ ಟಿ315ಐ ಎಂಬ ಹೊಸ ದೋಷ ಸಿಕ್ಕಿತು. ಅದಿದ್ದರೆ ಇಮ್ಯಾಟಿನಿಬ್ ಅಷ್ಟೇ ಅಲ್ಲ, ಅದರ ನಂತರ ಬಂದ ಡಸಾಟಿನಿಬ್, ನಿಲೋಟಿನಿಬ್ ಮಾತ್ರೆಗಳೂ ನಾಟುವುದಿಲ್ಲ. ಪೊನಾಟಿನಿಬ್ ಥರದ್ದೇ ಬೇಕು. ಆ ಐದು ತಿಂಗಳು ಅಪ್ಪ ತಪ್ಪಿಲ್ಲದೆ ಬೈಸಿಕೊಂಡರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

2013ರಲ್ಲಿ ಸುಪ್ರೀಂ ಕೋರ್ಟ್ ಇಮ್ಯಾಟಿನಿಬ್ ಕುರಿತ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿ ತಳ್ಳಿಹಾಕಿತು. ಬೇರೆ ಕಂಪನಿಗಳು ಅಗ್ಗವಾಗಿ ಮಾಡುವ ಜನರಿಕ್ ಇಮ್ಯಾಟಿನಿಬ್ ಉಳಿಯಿತು, ಮಾತ್ರೆ ಖರ್ಚು ಹೇಗೋ ತೂಗಿಸಿದೆವು. ಟೆಸ್ಟಿಗೆ ಮಾತ್ರ ಜಡಿಮಳೆಯಲ್ಲೂ ಬೆಂಗಳೂರಿನ ರಾತ್ರಿ ಬಸ್ ಹತ್ತಿದ್ದೇವೆ. ರಕ್ತವನ್ನು ಶಿವಮೊಗ್ಗದಲ್ಲೇ ತೆಗೆದು ಕಳಿಸಿದರೆ ಸಾಕಿತ್ತು. ದಯವಿಟ್ಟು ಅದರ ಬಗ್ಗೆಯೂ ಬರೆಯಿರಿ.