ಆನೆಕಾಡು ಲೆಕ್ಕಕ್ಕಿಲ್ಲ

ಮಗಳ ಬಾಣಂತನಕ್ಕೆ ನಾನು ಲಂಡನ್ನಿಗೆ ಹೊರಟಾಗ ಭಾವ ಅಟ್ಟದಿಂದ ಹಳೇ ಗ್ಲೋಬ್ ಇಳಿಸಿದರು. ರಿಟೈರಾದ ಗಣಿತ ಮೇಷ್ಟ್ರು. ನನ್ನ ಹೂ ಕಟ್ಟುವ ದಾರವನ್ನೇ ಬೆಂಗಳೂರಿನಿಂದ ಲಂಡನ್ನಿಗೆ ಬಿಗಿಯಾಗಿ ಎಳೆದರು. ದಾರ ಕ್ಯಾಸ್ಪಿಯನ್ ಸಮುದ್ರದ ಅಂಚು ಹಿಡಿದು ಹೋಯಿತು.

"ಭೂಮಿ ಗುಂಡಗಿದೆಯಲ್ಲಮ್ಮ, ಇದೇ ಹತ್ತಿರದ ದಾರಿ. ಸುಮಾರು 8 ಸಾವಿರ ಕಿಲೋಮೀಟರ್. ಗಂಟೆಗೆ 900 ಅಂದ್ರೂ ಒಂಬತ್ತು ಗಂಟೆ."

ಟಿಕೆಟ್ಟಿನಲ್ಲಿ ಬೆಳಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 1ಕ್ಕೆ ತಲುಪುತ್ತದೆ ಅಂತಿತ್ತು. "ಆರೇ ಗಂಟೆ!" ಅಂದರು ಅತ್ತೆ. ಜುಲೈಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಹಾಗಾಗಿ ಪ್ರಯಾಣ ಹತ್ತೂವರೆ ಗಂಟೆ ಎಂದೆ. ಭಾವನ ಮುಖ ಸಣ್ಣದಾಯಿತು. ಸಂಜೆಯೊಳಗೆ ಕಾರಣ ಹುಡುಕಿಕೊಂಡು ಬಂದರು. ಅಷ್ಟು ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕಂತೆ. ಹೋಗುವಾಗ ಎದುರುಗಾಳಿ. "ಬರುವಾಗ ನೋಡು, ಬೇಗ ಬರ್ತೀಯ!"

ನಮ್ಮ ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಮಾಕುಟ್ಟ ಘಾಟಿ ಇಳಿದರೆ ಕಣ್ಣೂರಿನದ್ದು ಹತ್ತಿರವೇ, 2018ರಲ್ಲಿ ಶುರುವಾಯಿತು. ಆದರೆ ಹೊರದೇಶಕ್ಕೆ ಅಂದರೆ ಅಲ್ಲಿಂದ ಹೆಚ್ಚಾಗಿ ಗಲ್ಫ್ ಕಡೆಗೆ. ನನಗೆ ದೇವನಹಳ್ಳಿಯೇ ಗತಿ. ಸುಂಟಿಕೊಪ್ಪದಿಂದ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ.

ಬ್ಯಾಗನ್ನು ಕಾಫಿ ಮೂಟೆ ತೂಗುವ ಕಾಟಾದಲ್ಲೇ ತೂಗಿದ್ದೆವು. ಸರಿಯಾಗಿ 23 ಕೆಜಿ. ಕಾಫಿ ಪುಡಿ, ಜೇನು, ಬಾಣಂತಿ ಲೇಹ್ಯ, ಕಾಚಂಪುಳಿ, ಮಗುವಿಗೆ ಹಳೇ ಕಾಟನ್ ಸೀರೆಯ ತುಂಡುಗಳು. ಜೀಪಿನ ಮೇಲೆ ಕಟ್ಟಿ ಟಾರ್ಪಾಲು ಹೊದಿಸಿ ಹಿಂದಿನ ಮಧ್ಯಾಹ್ನ 1ಕ್ಕೆ ಹೊರಟೆವು. ಇಷ್ಟು ಬೇಗ ಯಾಕೆ ಅಂತ ಭಾವನಿಗೆ ನಗು.

ಆನೆಕಾಡಿನಲ್ಲಿ ಮರ ಅಡ್ಡ ಬಿದ್ದಿತ್ತು. ಗರಗಸದ ಮೆಷಿನ್ ಬಂತು, ಪೆಟ್ರೋಲ್ ಬರಲಿಲ್ಲ. ಪೆಟ್ರೋಲ್ ಬರುವ ಹೊತ್ತಿಗೆ ಮೆಷಿನ್ ತಂದವನು ಟೀ ಕುಡಿಯಲು ಹೋಗಿದ್ದ. ಮೂರೂವರೆ ಗಂಟೆ ಸುರಿವ ಮಳೆಯಲ್ಲಿ ನಿಂತೆವು. ಆಮೇಲೆ ಮೈಸೂರು ದಾಟಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳಿ, ದೇವನಹಳ್ಳಿ ಮುಟ್ಟಿದಾಗ ರಾತ್ರಿ ಹನ್ನೆರಡು. ಮುನ್ನೂರು ಕಿಲೋಮೀಟರಿಗೂ ಇಲ್ಲದ್ದಕ್ಕೆ ಹನ್ನೊಂದು ಗಂಟೆ.

ಕೌಂಟರಿನಲ್ಲಿ ಬ್ಯಾಗ್ ಇಟ್ಟರೆ 25.6! ನಮ್ಮ ಕಾಟಾ ಸುಳ್ಳು ಹೇಳುವುದಿಲ್ಲ. ಜಿಪ್ ತೆಗೆದರೆ ಸೀರೆ ತುಂಡುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಎರಡೂವರೆ ಕೆಜಿ ಕೊಡಗಿನ ಮಳೆಯನ್ನು ಲಂಡನ್ನಿಗೆ ಒಯ್ಯುತ್ತಿದ್ದೆ. ಅಲ್ಲಿ ಮಳೆಗೇನು ಬರವೇ? ಶೌಚಾಲಯದಲ್ಲಿ ಸೀರೆ ಹಿಂಡಿದೆ. ಆದರೂ ಜಾಸ್ತಿಯೇ. ಕಾಚಂಪುಳಿ ಬಾಟಲಿ ಕೈಚೀಲಕ್ಕೆ ಹೋಯಿತು.

ತಪಾಸಣೆಯಲ್ಲಿ ಹುಡುಗ ಅದನ್ನು ಬೆಳಕಿಗೆ ಹಿಡಿದ. ಕಪ್ಪಗೆ, ದಪ್ಪಗೆ.

"ಏನಮ್ಮಾ ಇದು, ಇಂಜಿನ್ ಆಯಿಲ್ಲಾ?"

"ಹುಳಿ ಕಣಪ್ಪ. ಹಂದಿ ಸಾರಿಗೆ ಹಾಕೋದು."

"100 ಎಂಎಲ್‌ಗಿಂತ ಜಾಸ್ತಿ ಬಿಡಲ್ಲಮ್ಮ," ಅಂದ. ಅರ್ಧ ಲೀಟರ್ ಬಾಟಲಿ ಡಬ್ಬಕ್ಕೆ ಬಿತ್ತು.

ವಿಮಾನದಲ್ಲಿ ಕೂತದ್ದೊಂದೇ ಗೊತ್ತು. ಊಟಕ್ಕೆ ಎಬ್ಬಿಸಿದರು, ಮತ್ತೆ ಮಲಗಿದೆ. ಹೇಳುವಂಥದ್ದೇನೂ ಆಗಲಿಲ್ಲ. ಮಗಳು ಅಪ್ಪಿಕೊಂಡು ಕೇಳಿದ ಮೊದಲ ಮಾತು, "ಕಾಚಂಪುಳಿ ತಂದ್ಯಾ ಅಮ್ಮಾ?"

ರಾತ್ರಿ ಭಾವನ ಫೋನ್. "ಎಷ್ಟು ಗಂಟೆ ಹಿಡೀತು?"

"ಆನೆಕಾಡು ಸೇರಿಸಿಯಾ, ಬಿಟ್ಟಾ?"

"ಛೆ, ಅದೆಲ್ಲ ಲೆಕ್ಕಕ್ಕೆ ಬರಲ್ಲ. ವಿಮಾನದ್ದು ಹೇಳಮ್ಮ."

ದಾರ ಇನ್ನೂ ಅವರ ಕೈಯಲ್ಲೇ ಇತ್ತು ಅಂತ ಕಾಣುತ್ತದೆ.