ಕೂಲಿಯಲ್ಲಿ ಕಡ್ಡಾಯವಾಗಿ ಹಣ ಹಿಡಿಯುವುದೂ ಉದಾರವಾದವೇ?

ಸರ್ಕಾರ ಜನರ ವ್ಯವಹಾರದಲ್ಲಿ ತಲೆಹಾಕಬಾರದು ಎನ್ನುತ್ತಿದ್ದ ಬ್ರಿಟನ್ನಿನ ಉದಾರವಾದ, ಲಿಬರಲ್ ಪಕ್ಷ ಚುನಾವಣೆ ಗೆದ್ದ 1906ರಿಂದ ಮುಂದಕ್ಕೆ ಪಿಂಚಣಿ, ವಿಮೆ, ಭೂತೆರಿಗೆಗಳ ಉದಾರವಾದವಾಯಿತು. ಅದೇ ತತ್ವ ಬೆಳೆಯಿತೋ, ಹೆಸರು ಉಳಿಸಿಕೊಂಡು ಬೇರೆಯದೇ ಬಂದು ಕೂತಿತೋ?

ಪರ

ಗಣಿಯಿಂದಲೇ ಶುರು ಮಾಡೋಣ. ಮೇಲ್ವಿಚಾರಕನ ಅಜಾಗ್ರತೆಯಿಂದ ಅಪಘಾತವಾದರೆ ಕೆಲಸಗಾರ ಮಾಲೀಕನಿಂದ ಪರಿಹಾರ ಕೇಳಬಹುದು ಎಂದು 1880ರ ಕಾಯ್ದೆ ಹೇಳಿತು. ಮಾಲೀಕರು ದಾರಿ ಕಂಡುಕೊಂಡರು: ‘ಈ ಕಾಯ್ದೆಯಡಿ ಏನನ್ನೂ ಕೇಳುವುದಿಲ್ಲ’ ಎಂದು ಒಪ್ಪಿದರೆ ಕೆಲಸ, ಇಲ್ಲವಾದರೆ ಇಲ್ಲ. 1882ರ ಗ್ರಿಫಿತ್ಸ್–ಅರ್ಲ್ ಆಫ್ ಡಡ್ಲಿ ಮೊಕದ್ದಮೆಯಲ್ಲಿ ಗಣಿಯಲ್ಲಿ ಸತ್ತವನ ಹೆಂಡತಿ ಪರಿಹಾರ ಕೇಳಿದಳು. ಗಂಡ ಒಪ್ಪಿದ ಕರಾರು ಸಿಂಧು, ಅವಳಿಗೆ ಹಕ್ಕಿಲ್ಲ ಎಂದು ತೀರ್ಪಾಯಿತು. ಮಾಲೀಕನೂ ವಂತಿಗೆ ಹಾಕುತ್ತಿದ್ದ ನೆರವಿನ ನಿಧಿಯೊಂದಿತ್ತು, ನಿಜ. ಆದರೆ ಮನೆಯಲ್ಲಿ ಒಲೆ ಉರಿಯಬೇಕಾದವನು ಆ ಕರಾರಿಗೆ ಬೇಡ ಎನ್ನಲು ಸಾಧ್ಯವಿತ್ತೇ?

ಸರ್ಕಾರ ತಡೆಯದಿದ್ದರೆ ಸಾಕು, ಅದೇ ಸ್ವಾತಂತ್ರ್ಯ ಎನ್ನುವುದಾದರೆ ಆ ಗಣಿಗಾರ ಸ್ವತಂತ್ರನಾಗಿದ್ದ. ಇದನ್ನು ಒಪ್ಪಲಾಗದು. ಬ್ರಿಟನ್ನಿನ ತತ್ವಜ್ಞಾನಿ ಟಿ. ಎಚ್. ಗ್ರೀನ್ 1881ರಲ್ಲಿ ಲೆಸ್ಟರ್‌ನಲ್ಲಿ ಮಾಡಿದ ಭಾಷಣದ ತಿರುಳೂ ಇದೇ: ಮಾಡಲು ತಕ್ಕುದನ್ನು ಮಾಡುವ ಶಕ್ತಿಯೇ ಸ್ವಾತಂತ್ರ್ಯ, ಕರಾರಿನ ಹಕ್ಕು ಅದಕ್ಕೊಂದು ಸಾಧನ. ದಬ್ಬಾಳಿಕೆಯಿಂದ ಬಿಡಿಸುವುದೇ ಉದಾರವಾದದ ಮೊದಲ ಕೆಲಸ. ಹಿಂದೆ ದಬ್ಬುತ್ತಿದ್ದುದು ರಾಜ, ಚರ್ಚು; ಈಗ ಗಣಿಯ ಮಾಲೀಕ.

1908ರ ಪಿಂಚಣಿ ಕಾಯ್ದೆಯನ್ನೇ ನೋಡಿ. 70 ದಾಟಿದ, ವರ್ಷಕ್ಕೆ 21 ಪೌಂಡ್ ಮೀರದ ಆದಾಯದವರಿಗೆ ವಾರಕ್ಕೆ 5 ಶಿಲಿಂಗ್. ಅದುವರೆಗೆ ನಿರ್ಗತಿಕರಿಗೆ ನೆರವು ಕೊಡುತ್ತಿದ್ದ ಹಳೆಯ ‘ಬಡವರ ಕಾಯ್ದೆ’ಯ (ಪೂರ್ ಲಾ) ನೆರವು ಪಡೆದವನ ಮತದ ಹಕ್ಕೇ ಹೋಗುತ್ತಿತ್ತು. ಪಿಂಚಣಿ ಪಡೆದ ಕಾರಣಕ್ಕೆ ಮತವಾಗಲಿ ಬೇರೆ ಹಕ್ಕಾಗಲಿ ತಪ್ಪದು ಎಂದು ಹೊಸ ಕಾಯ್ದೆ ಬಾಯಿಬಿಟ್ಟು ಹೇಳಿತು. ಅಂಚೆ ಕಚೇರಿಯ ಕಿಟಕಿಯಲ್ಲಿ ಐದು ಶಿಲಿಂಗ್ ಎಣಿಸಿಕೊಂಡ ಮುದುಕ ಮತದಾರನಾಗಿಯೇ ಉಳಿದ. ಇದಕ್ಕಿಂತ ಉದಾರವಾದ ಇನ್ನೇನು ಬೇಕು?

ವಿರೋಧ

ಆ ಮುದುಕನಿಗೆ ಹಣ ಸಿಕ್ಕಿದ್ದು ಒಳ್ಳೆಯದೇ. ಆದರೆ ಒಳ್ಳೆಯದೆಲ್ಲವೂ ಸ್ವಾತಂತ್ರ್ಯವಲ್ಲ. ಹಳೆಯ ಉದಾರವಾದದ ಚಿಂತಕ ಹರ್ಬರ್ಟ್ ಸ್ಪೆನ್ಸರ್ 1884ರಲ್ಲೇ ಇದನ್ನು ಗುರುತಿಸಿದ್ದ: ಹಳೆಯ ಉದಾರವಾದಿಗಳು ಕಟ್ಟು ಬಿಚ್ಚಿದ್ದರಿಂದ ಜನರಿಗೆ ಹಿತವಾಯಿತು, ಹೊಸಬರು ಹಿತವನ್ನೇ ಗುರಿಯಾಗಿಸಿ, ಅದಕ್ಕಾಗಿ ಹೊಸ ಕಟ್ಟು ಬಿಗಿದರು.

ಅದೇ ಪಿಂಚಣಿ ಕಾಯ್ದೆಯ ಇನ್ನೊಂದು ಷರತ್ತನ್ನೂ ಓದಬೇಕು. ಶಕ್ತಿ, ಅವಕಾಶ, ಅಗತ್ಯಕ್ಕೆ ತಕ್ಕಂತೆ ದುಡಿಯದೆ ಕಾಲ ಕಳೆದದ್ದೇ ಅಭ್ಯಾಸವಾಗಿದ್ದವನಿಗೆ ಪಿಂಚಣಿ ಇಲ್ಲ. ಅಂದರೆ ಒಬ್ಬ ಬಡವ ಬದುಕಿದ ರೀತಿಯನ್ನು ತೂಗುವ ಅಧಿಕಾರ ಸರ್ಕಾರದ ಕೈಗೆ ಹೋಯಿತು.

1911ರ ಕಡ್ಡಾಯ ಕಾಯಿಲೆ ವಿಮೆ ಇನ್ನೂ ಸ್ಪಷ್ಟ ಉದಾಹರಣೆ. ಸಾಮಾನ್ಯ ದರದಲ್ಲಿ ಗಂಡಾಳಿನ ವಾರದ ಕೂಲಿಯಿಂದ 4 ಪೆನ್ಸ್ ಹಿಡಿದು, ಮಾಲೀಕ ತನ್ನ 3 ಸೇರಿಸಿ, ಕಾರ್ಡಿಗೆ 7 ಪೆನ್ಸಿನ ಸ್ಟಾಂಪು ಅಂಟಿಸಬೇಕು. ಕಾಯಿಲೆ ಬಿದ್ದರೆ ವಾರಕ್ಕೆ 10 ಶಿಲಿಂಗಿನಂತೆ 26 ವಾರ. ಬೇಡ ಎನ್ನುವ ಹಕ್ಕು ಆಳಿಗಿಲ್ಲ. ಕೆಲಸಗಾರರು ಅದಕ್ಕೂ ಮುಂಚೆ ತಾವೇ ಸಂಘ ಕಟ್ಟಿಕೊಂಡು, ವಂತಿಗೆ ಕೂಡಿಸಿ, ಸಂಘಕ್ಕೊಬ್ಬ ಡಾಕ್ಟರನ್ನು ನೇಮಿಸಿಕೊಳ್ಳುತ್ತಿದ್ದರು. ಡಾಕ್ಟರು ಸರಿಯಿಲ್ಲದಿದ್ದರೆ ಬಿಡಿಸುತ್ತಿದ್ದರು. ಹೊಸ ಕಾಯ್ದೆ ಡಾಕ್ಟರುಗಳ ಉಸ್ತುವಾರಿಯನ್ನು ತಾನೇ ರಚಿಸಿದ ವಿಮಾ ಸಮಿತಿಗಳಿಗೆ ಒಪ್ಪಿಸಿತು. ಗ್ರೀನ್ ಹೇಳಿದ ‘ಶಕ್ತಿ’ ಆ ಸಂಘಗಳಲ್ಲಿ ಆಗಲೇ ಇತ್ತು, ಅದನ್ನೇ ಮೊಟಕುಗೊಳಿಸಿದರು.

1909ರ ಬಜೆಟ್ಟಿನ ಭೂತೆರಿಗೆ ಕೆಲಸಕ್ಕೇ ಬರಲಿಲ್ಲ. ದುಡಿಯದೆ ಏರಿದ ನೆಲದ ಬೆಲೆಯ ಮೇಲೆ ಶೇ 20 ಎಂದರು. ಅದಕ್ಕೆ ಆ ವರ್ಷದ ಏಪ್ರಿಲ್ 30ರಂದು ಇದ್ದಂತೆ ದೇಶದ ನೆಲದ ಬೆಲೆಯನ್ನು, ಕಟ್ಟಡದ ಬೆಲೆ ಕಳೆದು, ಕಟ್ಟಬೇಕಿತ್ತು. ವಸೂಲಿಗಿಂತ ಬೆಲೆ ಕಟ್ಟುವ ಖರ್ಚೇ ಮೇಲಾಯಿತು. 1920ರಲ್ಲಿ ಅದನ್ನು ರದ್ದು ಮಾಡಿದ್ದು, 1909ರಲ್ಲಿ ಹಣಕಾಸು ಮಂತ್ರಿಯಾಗಿ ಅದನ್ನು ತಂದಿದ್ದ, ಆಗ ಪ್ರಧಾನಿಯಾಗಿದ್ದ ಲಾಯ್ಡ್ ಜಾರ್ಜ್ ಅವರ ಸರ್ಕಾರವೇ.

ಕನ್ನಡದಲ್ಲಿ ಗೊಂದಲ ಇಮ್ಮಡಿ. 1991ರ ಮುಕ್ತ ಮಾರುಕಟ್ಟೆಗೆ ‘ಉದಾರೀಕರಣ’ ಎನ್ನುತ್ತೇವೆ. ಅದನ್ನು ವಿರೋಧಿಸಿದವರಲ್ಲೂ ಹಲವರಿಗೆ ‘ಉದಾರವಾದಿ’ ಎನ್ನುತ್ತೇವೆ. ‘ಉದಾರ’ಕ್ಕೆ ಧಾರಾಳಿ ಎಂಬ ಅರ್ಥ ಮೊದಲೇ ಇರುವುದರಿಂದ, ಸರ್ಕಾರ ಕೊಡುವುದೇ ಉದಾರವಾದ ಎಂದು ಓದುಗ ತಿಳಿದರೆ ತಪ್ಪು ಅವನದಲ್ಲ. ‘ಕಲ್ಯಾಣ ರಾಜ್ಯ’ ಎಂಬ ಸರಿಯಾದ ಹೆಸರು ನಮ್ಮಲ್ಲಿದೆ. ಪಿಂಚಣಿ, ವಿಮೆಗಳನ್ನು ಆ ಹೆಸರಿನಲ್ಲೇ ಸಮರ್ಥಿಸಲಿ.