ಬಾಗಿಲ ಹಿಂದೆ ಅಂಟಿಸಿದ ಹಾಳೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮಡಿಕೇರಿಯ ಹತ್ತಿರವಿರುವ ನಮ್ಮ ತೋಟದ ಮನೆಯನ್ನು ಬಿಟ್ಟು ಹೊರಡಲು ನಮಗೆ ಸಿಕ್ಕಿದ್ದು ಕಾಲು ಗಂಟೆ ಮಾತ್ರ. ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಕುಸಿದ ಸುದ್ದಿ ಆಗಲೇ ಕಿವಿಗೆ ಬಿದ್ದಿದ್ದರಿಂದ ಯಾರೂ ವಾದ ಮಾಡಲಿಲ್ಲ. ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುಂಬಿ ಜೀಪು ಹತ್ತಿದೆವು. ಪರಿಹಾರ ಕೇಂದ್ರದಲ್ಲಿ ಚೀಲ ಬಿಚ್ಚಿದಾಗ ಎರಡು ರೇಷ್ಮೆ ಸೀರೆ, ಮದುವೆಯ ಆಲ್ಬಂ, ಒಂದು ಖಾಲಿ ಟಿಫಿನ್ ಡಬ್ಬಿ ಹೊರಬಂದವು. ಅಮ್ಮನ ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲೇ ಉಳಿದಿತ್ತು. ಅದನ್ನು ಮೊದಲು ತೆಗೆದುಕೊಳ್ಳಬೇಕೆಂಬುದು ಮನೆಯವರೆಲ್ಲರಿಗೂ ಗೊತ್ತಿತ್ತು. ಇನ್ನೊಬ್ಬರು ತೆಗೆದುಕೊಂಡಿರುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದೆವು.

1935ರಲ್ಲಿ ಅಮೆರಿಕದ ಓಹಾಯೊದಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಬಿದ್ದು ಉರಿದದ್ದು, ವಿಮಾನವನ್ನು ಏರಿಸಲು, ತಿರುಗಿಸಲು ಬಳಸುವ ಚಲಿಸುವ ಫಲಕಗಳ ಬೀಗವನ್ನು ನುರಿತ ಪೈಲಟ್‌ಗಳೇ ಬಿಡಿಸಲು ಮರೆತಿದ್ದರಿಂದ. ಹಾರುವ ಮುನ್ನ ಪಟ್ಟಿಯನ್ನು ಓದಿ ಸರಿನೋಡುವ ಪದ್ಧತಿ ಬೇರೂರಿದ್ದು ಆ ಅಪಘಾತದ ನಂತರ. ಅಂಥವರಿಗೇ ಮರೆವು ಬರುವುದಾದರೆ, ಸುರಿಯುವ ಮಳೆಯ ಕತ್ತಲಲ್ಲಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಓಡುವವರು ಎಲ್ಲವನ್ನೂ ನೆನಪಿನಿಂದಲೇ ಮಾಡಬೇಕೆಂದು ಬಯಸುವುದು ಅನ್ಯಾಯ.

ಅಪಾಯದಲ್ಲಿ ಮನೆ ಬಿಡುವಾಗ ಏನೇನು ಒಯ್ಯಬೇಕೆಂಬ ಸಿದ್ಧ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಟಾರ್ಚ್, ನೀರು, ಔಷಧಿ ಎಂದಿರುತ್ತದೆ. ಯಾವ ಔಷಧಿ, ಅದು ಎಲ್ಲಿದೆ, ಯಾರು ಎತ್ತಿಕೊಳ್ಳಬೇಕು ಎಂದಿರುವುದಿಲ್ಲ. ಆದ್ದರಿಂದ ಮುಂಬಾಗಿಲ ಹಿಂದೆ ನಾವು ಅಂಟಿಸಿರುವ ಹಾಳೆಯಲ್ಲಿ ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರಿದೆ. ಇನ್ಸುಲಿನ್ ಮತ್ತು ಸಿರಿಂಜು ನನ್ನ ಹೆಂಡತಿಗೆ. ಗ್ಯಾಸ್ ರೆಗ್ಯುಲೇಟರ್, ಮೇನ್ ಸ್ವಿಚ್ ತಮ್ಮನಿಗೆ. ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚುವುದು ನನಗೆ. ಪಹಣಿ, ಪಾಸ್‌ಬುಕ್, ಆಧಾರ್, ರೇಷನ್ ಕಾರ್ಡುಗಳ ಪ್ರತಿಗಳಿರುವ ಪ್ಲಾಸ್ಟಿಕ್ ಚೀಲ ಬಾಗಿಲ ಪಕ್ಕದ ಮೊಳೆಯಲ್ಲೇ ತೂಗುತ್ತದೆ. ಮೊಬೈಲ್ ಸತ್ತರೆ ಬೇಕಾಗುತ್ತದೆಂದು 112, 108, ಜಿಲ್ಲಾ ನಿಯಂತ್ರಣ ಕೊಠಡಿಯ 1077 ಮತ್ತು ಮೈಸೂರಿನಲ್ಲಿರುವ ಅಕ್ಕನ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ. ಆ ರಾತ್ರಿ ಅಕ್ಕನ ನಂಬರು ನಮ್ಮಲ್ಲಿ ಒಬ್ಬರಿಗೂ ಬಾಯಿಗೆ ಬರಲಿಲ್ಲ.

ಇವೆಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ ಒಂದು ಸಾಲಿದೆ: ಅಂಗಳದಲ್ಲಿ ಹೊಸ ಬಿರುಕು ಬಿಟ್ಟರೆ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಸರಾದರೆ, ಮರಗಳು ವಾಲಿದರೆ ಏನನ್ನೂ ಎತ್ತಿಕೊಳ್ಳದೆ ಹೊರಡುವುದು. ವಸ್ತುಗಳ ಲೆಕ್ಕ ಸಮಯ ಇದ್ದವರಿಗೆ ಮಾತ್ರ. ಇದನ್ನು ಬರೆಯದ ಪಟ್ಟಿ ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಅದು ಜನರನ್ನು ಮನೆಯೊಳಗೆ ತಡೆದು ನಿಲ್ಲಿಸುತ್ತದೆ.

ಮೃಗಶಿರಾ ಮಳೆಗೆ ಮುನ್ನ ಸೌದೆ ಒಟ್ಟುವುದು, ಹಪ್ಪಳ ಒಣಗಿಸುವುದು, ಅಕ್ಕಿ ತುಂಬಿಡುವುದು ನಮ್ಮ ಕಡೆ ಹಿರಿಯರ ಕಾಲದಿಂದ ಬಂದ ರೂಢಿ. ಹಾಳೆಯನ್ನು ಓದುವ ದಿನವನ್ನೂ ನಾವು ಅದಕ್ಕೇ ಜೋಡಿಸಿದ್ದೇವೆ. ಒಂದು ವರ್ಷ ಟಾರ್ಚ್ ಬಿಚ್ಚಿದಾಗ ಸೆಲ್ಲುಗಳು ಸೋರಿ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು. ಅಂದಿನಿಂದ ಸೆಲ್ಲುಗಳನ್ನು ಹೊರತೆಗೆದು, ಟಾರ್ಚಿಗೇ ರಬ್ಬರ್ ಬ್ಯಾಂಡಿನಿಂದ ಕಟ್ಟಿಡುತ್ತೇವೆ.

ಕಳೆದ ವರ್ಷ ಹೀಗೆ ಓದುತ್ತಿದ್ದಾಗ ಮಗಳು ಪೆನ್ಸಿಲ್ ತಂದು ಕೊನೆಯಲ್ಲಿ "ಅಜ್ಜಿಯ ಕನ್ನಡಕ" ಎಂದು ಸೇರಿಸಿ, ಮುಂದೆ ತನ್ನದೇ ಹೆಸರು ಬರೆದಳು. ಕನ್ನಡಕವಿಲ್ಲದೆ ಅಮ್ಮನಿಗೆ ಸಿರಿಂಜಿನ ಗೆರೆಗಳು ಕಾಣಿಸುವುದಿಲ್ಲ. ಅಷ್ಟು ವರ್ಷ ಅದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.